ಒಬ್ಬರೇ ಆಡುವ ಗೇಮಾ, ಜೊತೆಗೆ ಆಡುವ ಗೇಮಾ? ಕೊಡಗಿನ ಮಳೆಗಾಲಕ್ಕೆ ಮೊದಲು ಒಂದು ಹೋಲಿಕೆ

ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಮಳೆಗಾಲದ ತಯಾರಿ ಶುರು. ಸೌದೆ ಒಳಗೆ ಬರುತ್ತದೆ, ಇನ್ವರ್ಟರ್ ಬ್ಯಾಟರಿಗೆ ನೀರು ಬೀಳುತ್ತದೆ, ಹೆಂಚು ಸರಿ ಮಾಡಿಸಿಕೊಳ್ಳುತ್ತೇವೆ. ಈಚೆಗೆ ಅದೇ ಹೊತ್ತಿಗೆ ನನಗೆ ಮೆಸೇಜುಗಳೂ ಬರುತ್ತವೆ. ‘ಅಕ್ಕಾ, ಮಳೆಗೆ ಯಾವ ಗೇಮ್ ತಗೊಳ್ಳೋದು?’ ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಕೂತು ಗೇಮ್ ಆಡುವ ಹೆಂಗಸು ಅಂತ ಸುತ್ತಮುತ್ತ ಹೆಸರು ಬಿದ್ದಿರುವುದರಿಂದ ಈ ಕೆಲಸ ನನಗೆ ಬಂದಿದೆ. ಸಂಬಳ ಇಲ್ಲ.

ಯಾವ ಗೇಮ್ ಅಂತ ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಆಟದ ನಡುವೆ ನೀನು ಎದ್ದು ಹೋದರೆ ಯಾರಿಗೆ ತೊಂದರೆ?

ಯಾರಿಗೂ ಇಲ್ಲ ಅಂದರೆ ಅದು ಒಬ್ಬರೇ ಆಡುವ ಆಟ. ಪಕ್ಕದಲ್ಲಿ ಕೂತವರಿಗೆ ಅಂದರೆ ಒಂದೇ ಕೋಣೆಯ ಆಟ. ಎಲ್ಲೋ ಇರುವ ಮೂರು ನಾಲ್ಕು ಜನರಿಗೆ ಅಂದರೆ ಆನ್‌ಲೈನ್ ಆಟ. ಗ್ರಾಫಿಕ್ಸ್, ರೇಟಿಂಗ್, ಬೆಲೆ ಎಲ್ಲ ಆಮೇಲೆ. ಬೆಂಗಳೂರಿನಲ್ಲಿ ಇರುವವರಿಗೆ ಈ ಪ್ರಶ್ನೆ ಅಷ್ಟು ದೊಡ್ಡದಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಎದ್ದು ಹೋಗದಿದ್ದರೂ ಕರೆಂಟ್ ಎದ್ದು ಹೋಗುತ್ತದೆ. ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಲೈನ್‌ಮನ್ ಬರುವವರೆಗೆ ಎಲ್ಲರ ಆಟವೂ ನಿಂತಂತೆಯೇ.

ದುಡ್ಡು ಕಟ್ಟಿ ಆಡುವ ರಮ್ಮಿ-ಗಿಮ್ಮಿ ಈ ಲೆಕ್ಕದಲ್ಲಿ ಇಲ್ಲ. ಅದಕ್ಕೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದು ಅಡ್ಡ ನಿಂತಿದೆ.

ಒಬ್ಬರೇ ಆಡುವುದು

ಇದರ ಮೊದಲ ಸುಖ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಒಲೆಯ ಮೇಲೆ ಹಾಲಿದೆ, ಕಣದಲ್ಲಿ ಯಾರೋ ಕರೆಯುತ್ತಿದ್ದಾರೆ, ಅತ್ತೆ ಮಾತ್ರೆ ಕೇಳುತ್ತಿದ್ದಾರೆ. ಆಟವನ್ನು ಅಲ್ಲೇ ನಿಲ್ಲಿಸುವ ಪಾಸ್ ಗುಂಡಿ ಒತ್ತಿ ಎದ್ದರೆ ಆಯಿತು.

ಆದರೆ ಎಲ್ಲ ಗೇಮುಗಳೂ ಕರೆಂಟ್ ಹೋದಾಗ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಇದನ್ನು ಅಂಗಡಿಯವರೂ ಹೇಳುವುದಿಲ್ಲ, ವಿಮರ್ಶೆ ಬರೆಯುವವರೂ ಹೇಳುವುದಿಲ್ಲ. ಸೇವ್ ಆಗುವುದು ಯಾವಾಗ ಅನ್ನುವುದನ್ನು ನೋಡಿಕೊಳ್ಳಬೇಕು. ಸ್ಟಾರ್‌ಡ್ಯೂ ವ್ಯಾಲಿ ತೆಗೆದುಕೊಳ್ಳಿ. ತಾತ ಬಿಟ್ಟುಹೋದ ಹಾಳುಬಿದ್ದ ಜಮೀನಿಗೆ ಪಟ್ಟಣದಿಂದ ಬಂದು ಬೇಸಾಯ ಮಾಡುವ ಗೇಮ್. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ 2016ರಲ್ಲಿ ಹೊರತಂದ. ಇದರಲ್ಲಿ ದಿನ ಮುಗಿದು ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಕೇಳಿದರೆ ಹೆದರಿಕೆ ಆಗುತ್ತದೆ. ಆದರೆ ಗೇಮಿನ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷ ಚಿಲ್ಲರೆ. ಕರೆಂಟ್ ಹೋದರೆ ಹೆಚ್ಚೆಂದರೆ ಅಷ್ಟೇ ಕೆಲಸ ಹೋಗುವುದು. ಮತ್ತೆ ನೀರು ಹಾಕಿದರೆ ಮುಗಿಯಿತು.

ಅದರಲ್ಲಿ ಕಾಫಿಯೂ ಬೆಳೆಯಬಹುದು. ಬೀಜ ಹಾಕಿದ ಹತ್ತು ದಿನಕ್ಕೆ ಗಿಡ ಫಲ ಕೊಡುತ್ತದೆ, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು! ಇದನ್ನು ನಮ್ಮ ಮಾವನಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, ‘ಹೂ ಮಳೆ ಬೇಡವಾ ಇದಕ್ಕೆ?’ ಅಂದರು. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದು, ಆಮೇಲೆ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆಗಾಗಿ ಆಕಾಶ ನೋಡುತ್ತಾ ಕೂರುವವರಿಗೆ ಈ ಗೇಮ್ ಸ್ವಲ್ಪ ಸಿಟ್ಟು ಬರಿಸಬಹುದು. ನನಗೆ ಅದೇ ಇಷ್ಟ. ದಿನವಿಡೀ ಕೂಲಿ ಲೆಕ್ಕ, ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಹುಳು, ರೇಟ್ ಇಳಿತ ಅಂತ ತಲೆ ಕೆಡಿಸಿಕೊಂಡ ಮೇಲೆ, ಹೇಳಿದ ಹಾಗೆ ಕೇಳುವ ಒಂದು ತೋಟ ಎಲ್ಲಾದರೂ ಇರಲಿ ಅಲ್ವಾ?

ಇದಕ್ಕೆ ಪೂರ್ತಿ ಬೇರೆ ರುಚಿ ಹಾಲೋ ನೈಟ್. ಆಸ್ಟ್ರೇಲಿಯಾದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ಮಾಡಿದ್ದು. ನೆಲದಡಿಯ ಹುಳುಗಳ ರಾಜ್ಯ, ಕೈಯಲ್ಲಿ ಒಂದು ಮೊಳೆಯಂಥ ಕತ್ತಿ. ಸತ್ತರೆ ಕೊನೆಗೆ ಕೂತ ಬೆಂಚಿನಿಂದ ಶುರು, ಕೂಡಿಟ್ಟ ದುಡ್ಡು ಸತ್ತ ಜಾಗದಲ್ಲೇ ಒಂದು ನೆರಳಿನ ಹತ್ತಿರ ಉಳಿಯುತ್ತದೆ. ಅಲ್ಲಿಗೆ ಹೋಗುವ ಮೊದಲೇ ಮತ್ತೆ ಸತ್ತರೆ ಅದೂ ಹೋಯಿತು. ಒಂದೇ ವೈರಿಯ ಎದುರು ಸಂಜೆಯಿಡೀ ಸಾಯಬಹುದು. ಇಂಥ ಆಟ ನಾನು ಬೇರೆಯವರ ಮುಂದೆ ಆಡುವುದೇ ಇಲ್ಲ. ಸೋಲುವುದಕ್ಕೂ ಒಂದು ಏಕಾಂತ ಬೇಕು. ಯಾರೂ ‘ಬಲಗಡೆ ಹಾರು, ಬಲಗಡೆ’ ಅನ್ನದಿದ್ದರೆ ಕೈ ತಾನಾಗಿ ಕಲಿಯುತ್ತದೆ. ಗೆದ್ದಾಗ ಹೇಳಿಕೊಳ್ಳಲು ಯಾರೂ ಇರುವುದಿಲ್ಲ ಅನ್ನುವುದೊಂದೇ ಕೊರತೆ. ಅದು ಸಣ್ಣ ಕೊರತೆಯೂ ಅಲ್ಲ.

ಒಂದೇ ಸಂಜೆಯಲ್ಲಿ ಮುಗಿಸಬೇಕು ಅನ್ನುವವರಿಗೆ ಲಿಂಬೋ ಇದೆ, 2010ರದ್ದು. ಕಪ್ಪು ಬಿಳುಪು, ಒಬ್ಬ ಹುಡುಗ, ಒಂದು ಕಾಡು, ಮಾತೇ ಇಲ್ಲ. ಮೂರು ನಾಲ್ಕು ಗಂಟೆಯ ಆಟ. ಅದರಲ್ಲಿ ಒಂದು ದೊಡ್ಡ ಜೇಡ ಬರುತ್ತದೆ. ಮಳೆಗಾಲದಲ್ಲಿ ತೋಟದ ಮನೆಯ ಬಚ್ಚಲಿಗೆ ರಾತ್ರಿ ಒಬ್ಬರೇ ಹೋಗಬೇಕಾದವರು ಹಗಲಲ್ಲೇ ಆಡಿ ಮುಗಿಸುವುದು ಒಳ್ಳೆಯದು.

ದೊಡ್ಡ ಕತೆ ಬೇಕೆಂದರೆ ರೆಡ್ ಡೆಡ್ ರಿಡೆಂಪ್ಶನ್ 2. ಕುದುರೆ, ಬಂದೂಕು, ಒಡೆದುಹೋಗುತ್ತಿರುವ ಒಂದು ಕಳ್ಳರ ಗುಂಪು. ಕತೆಯಷ್ಟೇ ಮುಗಿಸಲು ಐವತ್ತು ಗಂಟೆ ಇಟ್ಟುಕೊಳ್ಳಿ. ನಿಧಾನವಾಗಿ ಕುದುರೆ ಓಡಿಸುತ್ತಾ ಹೋಗುವುದೇ ಅರ್ಧ ಆಟ. ಎಲ್ಲದಕ್ಕೂ ಅವಸರ ಮಾಡುವವರಿಗೆ ಇದು ಹಿಡಿಸುವುದಿಲ್ಲ. ತೊಂದರೆ ಅಂದರೆ ಕಂಪ್ಯೂಟರಿನಲ್ಲಿ ಇದಕ್ಕೆ 150 ಜಿಬಿ ಜಾಗ ಬೇಕು. ಸ್ಟಾರ್‌ಡ್ಯೂ ವ್ಯಾಲಿಗೆ ಅರ್ಧ ಜಿಬಿ ಸಾಕು. ನಮ್ಮಲ್ಲಿ ಎಷ್ಟೋ ಕಡೆ ಡೌನ್‌ಲೋಡ್ ಅನ್ನುವುದೇ ಒಂದು ಯೋಜನೆ. ಮೈಸೂರಿಗೋ ಬೆಂಗಳೂರಿಗೋ ಹೋಗುವಾಗ ಹಾರ್ಡ್ ಡಿಸ್ಕ್ ಬ್ಯಾಗಿಗೆ ಹಾಕಿಕೊಂಡು, ನೆಂಟರ ಮನೆಯ ಫೈಬರ್‌ನಲ್ಲಿ ಇಳಿಸಿಕೊಂಡು ಬರುವುದು ಇಲ್ಲಿಯ ಪದ್ಧತಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡದ್ದಾದರೆ ಗೇಮಿನ ಫೋಲ್ಡರ್ ಹಾಗೇ ನಕಲು ಮಾಡಿ ತಂದರೆ ನಡೆಯುತ್ತದೆ.

ಇನ್ನೊಂದು ಎಚ್ಚರ. ಒಬ್ಬರೇ ಆಡುವ ಗೇಮ್ ಅಂದ ಕೂಡಲೇ ನೆಟ್ ಬೇಡ ಅಂದುಕೊಳ್ಳಬೇಡಿ. ಗ್ರಾನ್ ಟುರಿಸ್ಮೊ 7ರಲ್ಲಿ ಒಬ್ಬರೇ ಕಾರು ಓಡಿಸಿದರೂ ಹೆಚ್ಚಿನ ಭಾಗಕ್ಕೆ ನೆಟ್ ಇರಲೇಬೇಕು. ಡಯಾಬ್ಲೊ 4 ಕೂಡ ಹಾಗೆಯೇ. ದಿ ಕ್ರೂ ಎಂಬ 2014ರ ಕಾರ್ ರೇಸ್ ಗೇಮಿನ ಸರ್ವರ್ 2024ರ ಮಾರ್ಚ್ ಕೊನೆಯಲ್ಲಿ ನಿಂತಿತು. ದುಡ್ಡು ಕೊಟ್ಟು ಕೊಂಡವರೂ ಆಮೇಲೆ ಒಬ್ಬರೇ ಆಡಲಿಕ್ಕೂ ಆಗಲಿಲ್ಲ. ಟವರ್ ಒಂದು ಗೆರೆ ತೋರಿಸಿ ಮಾಯವಾಗುವ ನಮ್ಮಂಥ ಜಾಗದಲ್ಲಿ ಇಂಥವನ್ನು ಮಳೆಗಾಲದ ಪಟ್ಟಿಯಿಂದ ಮೊದಲೇ ತೆಗೆದುಹಾಕಿ.

ಒಂದೇ ಕೋಣೆಯಲ್ಲಿ, ಒಂದೇ ಪರದೆಯಲ್ಲಿ

ಕೈಲ್ ಮುಹೂರ್ತ, ಹುತ್ತರಿ, ಬೇಸಿಗೆ ರಜೆ. ಮನೆ ತುಂಬ ಜನ, ಊಟ ಜಾಸ್ತಿ ಆಗಿದೆ, ಹೊರಗೆ ಹೋಗಲು ಆಗುವುದಿಲ್ಲ. ಆಗ ಒಬ್ಬರೇ ಮೂಲೆಯಲ್ಲಿ ಕೂತು ಹಾಲೋ ನೈಟ್ ಆಡಿದರೆ ಮನೆಯವರ ಬಾಯಿಗೆ ಬೀಳುತ್ತೀರಿ.

ಈ ಬಗೆಯ ಆಟ ನಮಗೆ ಹೊಸದೇನಲ್ಲ. ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮುಗಳ ಕಾಲದಲ್ಲಿ ಕಾಂಟ್ರಾ ಆಡದವರು ಯಾರಿದ್ದಾರೆ? ಇಬ್ಬರು ಸೈನಿಕರು, ಎರಡು ರಿಮೋಟು. ಅದರ ಮೂರನೇ ಹಂತದಲ್ಲಿ ಜಲಪಾತ ಹತ್ತಬೇಕು. ಮೊದಲು ಹತ್ತಿದವನ ಜೊತೆ ಪರದೆಯೂ ಮೇಲೆ ಹೋಗುತ್ತದೆ, ಕೆಳಗೆ ಉಳಿದವನು ಸುಮ್ನೆ ಸಾಯುತ್ತಾನೆ. ವೈರಿ ಗುಂಡು ಹಾರಿಸಿದ್ದೇ ಇಲ್ಲ, ಅಣ್ಣ ಅವಸರ ಮಾಡಿದ್ದು ಅಷ್ಟೇ. ಆ ಹಂತದಲ್ಲಿ ಎಷ್ಟು ಮನೆಗಳಲ್ಲಿ ರಿಮೋಟು ಹಾರಿವೆಯೋ. ಆದರೆ ಜೊತೆಗೆ ಆಡುವುದು ಅಂದರೆ ಏನು ಅನ್ನುವುದನ್ನು ಆ ಜಲಪಾತ ಚೆನ್ನಾಗಿ ಹೇಳಿಕೊಟ್ಟಿತು. ಚೆನ್ನಾಗಿ ಆಡುವವನು ನಿಧಾನ ಮಾಡಬೇಕು.

ಈ ಗುಂಪಿನ ಗೇಮ್ ಆರಿಸುವಾಗ ನಾನು ನೋಡುವುದು ಇದನ್ನೇ. ಆಟ ಬಲ್ಲವರಿಗೂ ಬಾರದವರಿಗೂ ನಡುವಿನ ಅಂತರವನ್ನು ಗೇಮ್ ಹೇಗೆ ತುಂಬುತ್ತದೆ? ಫುಟ್‌ಬಾಲ್ ಗೇಮುಗಳು ತುಂಬುವುದೇ ಇಲ್ಲ. ನಾದಿನಿಯ ಮಗ ಮೈಸೂರಿನ ಹಾಸ್ಟೆಲಿನಲ್ಲಿ ದಿನಾ ಆಡುತ್ತಾನೆ. ಅವನ ಎದುರು ಕೂತರೆ ಹತ್ತು ನಿಮಿಷದಲ್ಲಿ ಆರು ಗೋಲು, ಮೇಲೆ ‘ಅತ್ತೆ, ಇನ್ನೊಂದು ಮ್ಯಾಚ್?’ ಅನ್ನುವ ಕರುಣೆ. ಹಾಕಿ ಗೇಮ್ ಆದರೂ ಇದ್ದಿದ್ದರೆ ಊರವರೆಲ್ಲ ಸೇರಿ ಸೇಡು ತೀರಿಸಿಕೊಳ್ಳುತ್ತಿದ್ದೆವು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನೂರಾರು ತಂಡ ಬರುವ ಜಿಲ್ಲೆಯಲ್ಲಿ, ಅಂಗಡಿಯಲ್ಲಿ ಸಿಗುವುದು ಮಾತ್ರ ಐಸ್ ಹಾಕಿ. ಐಸ್ ನಮ್ಮಲ್ಲಿ ಇರುವುದು ಫ್ರಿಜ್ಜಿನಲ್ಲಿ.

ಮಾರಿಯೊ ಕಾರ್ಟ್ 8 ಡೀಲಕ್ಸ್ ಆ ಅಂತರವನ್ನು ಜಾಣತನದಿಂದ ತುಂಬುತ್ತದೆ. ಹಿಂದೆ ಬಿದ್ದವರಿಗೆ ಒಳ್ಳೆಯ ಆಯುಧ ಸಿಗುತ್ತದೆ, ಮುಂದೆ ಇರುವವರಿಗೆ ಬಾಳೆಹಣ್ಣಿನ ಸಿಪ್ಪೆ. ಮಕ್ಕಳಿಗೆ ಕಾರು ರಸ್ತೆ ಬಿಟ್ಟು ಬೀಳದಂತೆ ತಡೆಯುವ ಸಹಾಯವನ್ನು ಆನ್ ಮಾಡಿಕೊಡಬಹುದು. ಒಂದೇ ಟಿವಿಯಲ್ಲಿ ನಾಲ್ವರು ಆಡಬಹುದು. ಆರು ವರ್ಷದ ಮಗು ತಾನೇ ಓಡಿಸುತ್ತಿದ್ದೇನೆ ಅಂದುಕೊಂಡು ಅಜ್ಜನನ್ನು ಸೋಲಿಸುತ್ತದೆ, ಅಜ್ಜನಿಗೂ ಖುಷಿ. ಆದರೆ ಇದಕ್ಕೆ ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಗೇಮ್ ಯಂತ್ರ ಬೇಕು. ಆ ಕಂಪನಿ ಭಾರತದಲ್ಲಿ ನೇರವಾಗಿ ಮಾರುವುದಿಲ್ಲ, ಹೊರಗಿಂದ ತರಿಸಿದ್ದೇ ಸಿಗುವುದು. ಕೆಟ್ಟರೆ ರಿಪೇರಿ ನಿಮ್ಮ ಅದೃಷ್ಟ.

ಓವರ್‌ಕುಕ್ಡ್ ಅಡುಗೆಮನೆಯ ಆಟ. ಒಬ್ಬರು ತರಕಾರಿ ಹೆಚ್ಚಬೇಕು, ಒಬ್ಬರು ಬೇಯಿಸಬೇಕು, ಇನ್ನೊಬ್ಬರು ತಟ್ಟೆ ತೊಳೆಯಬೇಕು, ಗಡಿಯಾರ ಓಡುತ್ತಿರುತ್ತದೆ. ಅಡುಗೆಮನೆ ಇದ್ದಕ್ಕಿದ್ದಂತೆ ಎರಡು ತುಂಡಾಗುತ್ತದೆ. ಎಲ್ಲರೂ ಕಿರುಚುತ್ತಾರೆ. ನಾಲ್ವರು ಅಡಿಗೆಯವರಿದ್ದೂ ಅನ್ನ ಸೀದುಹೋಗುವ ಮದುವೆಮನೆಯ ಹಾಗೆ ಇರುತ್ತದೆ. ಒಬ್ಬರೇ ಆಡಿದರೂ ನಡೆಯುತ್ತದೆ, ಇಬ್ಬರು ಅಡಿಗೆಯವರನ್ನು ಒಬ್ಬರೇ ಬದಲಿಸಿ ಬದಲಿಸಿ ಓಡಿಸಬೇಕು. ನನಗೆ ಅದು ಹಿಡಿಸಲಿಲ್ಲ. ಗಲಾಟೆ ಇಲ್ಲದೆ ಆ ಗೇಮಿನಲ್ಲಿ ಏನೂ ಉಳಿಯುವುದಿಲ್ಲ. ಒಂದು ಒಳ್ಳೆಯ ವಿಷಯ, ನಿಜವಾದ ಅಡುಗೆಮನೆಗೆ ಕಾಲಿಡದ ಗಂಡಸರು ಇದರಲ್ಲಿ ತಟ್ಟೆ ತೊಳೆಯುತ್ತಾರೆ.

ಇಬ್ಬರೇ ಇದ್ದರೆ ಇಟ್ ಟೇಕ್ಸ್ ಟು. 2021ರ ಗೇಮ್, ಒಬ್ಬರೇ ಆಡುವ ವ್ಯವಸ್ಥೆಯೇ ಇದರಲ್ಲಿ ಇಲ್ಲ. ಬೇರೆಯಾಗಲು ಹೊರಟ ಗಂಡ ಹೆಂಡತಿ ಮಗಳ ಬೊಂಬೆಗಳಾಗಿ ಬಿಡುತ್ತಾರೆ. ಒಬ್ಬರ ಕೈಗೆ ಮೊಳೆ ಸಿಕ್ಕರೆ ಇನ್ನೊಬ್ಬರ ಕೈಗೆ ಸುತ್ತಿಗೆ. ಒಬ್ಬರು ಮೊಳೆ ಎಸೆದು ಗೋಡೆಗೆ ಹೊಡೆದರೆ, ಇನ್ನೊಬ್ಬರು ಸುತ್ತಿಗೆ ಸಿಕ್ಕಿಸಿಕೊಂಡು ತೂಗಿ ದಾಟುತ್ತಾರೆ. ಮುಂದಿನ ಹಂತದಲ್ಲಿ ಆ ಸಾಮಾನು ಬದಲು, ಆಟವೇ ಬದಲು. ನಮ್ಮವರು ಗೇಮ್ ಮುಟ್ಟದ ಮನುಷ್ಯ. ಕ್ಯಾಮರಾ ತಿರುಗಿಸುತ್ತಾ ನಡೆಯುವುದೇ ಅವರಿಗೆ ಮೊದಲು ಕಷ್ಟವಾಯಿತು. ಅಲ್ಲಿ ನಾನು ಕಾದೆ, ಆಮೇಲೆ ಅವರು ಕಾದರು. ಸತ್ತರೂ ಒಂದು ಗುಂಡಿ ಒತ್ತುತ್ತಾ ಇದ್ದರೆ ಮತ್ತೆ ಅಲ್ಲೇ ಹುಟ್ಟಬಹುದು, ಹಾಗಾಗಿ ಬೈಗುಳ ಕಡಿಮೆ. ಕತೆಯ ನಡುವೆ ಬರುವ ಮಾತಾಡುವ ಪುಸ್ತಕ ಸ್ವಲ್ಪ ತಲೆ ತಿನ್ನುತ್ತದೆ. ಹದಿಮೂರು ಹದಿನಾಲ್ಕು ಗಂಟೆಯ ಆಟ. ಒಂದೇ ದಿನ ಕೂರಬೇಡಿ, ಜುಲೈ-ಆಗಸ್ಟಿನ ಕಕ್ಕಡ ಮಳೆಯ ಉದ್ದಕ್ಕೂ ಹರಡಿಕೊಳ್ಳಿ.

ಗೇಮಿಗೆ ದುಡ್ಡು ಹಾಕದೆ ಮಕ್ಕಳನ್ನು ಸುಮ್ಮನಿರಿಸಬೇಕು ಅಂದರೆ ಲೂಡೋ ಕಿಂಗ್. ಒಂದೇ ಫೋನು ಕೈಯಿಂದ ಕೈಗೆ, ನೆಟ್ ಬೇಡ. ಹುಡುಗರಿಗೆ ಮಿನಿ ಮಿಲಿಷಿಯಾ. ಒಬ್ಬರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೆ ಸಾಕು, ಟವರ್ ಸತ್ತಿದ್ದರೂ ಕಾಳಗ ನಡೆಯುತ್ತದೆ.

ಕರೆಂಟಿನ ಲೆಕ್ಕವೂ ಇಲ್ಲಿ ಬೇಕು. ಒಂದೇ ಕೋಣೆಯ ಆಟಕ್ಕೆ ಟಿವಿ ಬೇಕು. ಸೋನಿಯ ಗೇಮ್ ಯಂತ್ರ ಪಿಎಸ್5 (ಪ್ಲೇಸ್ಟೇಷನ್ 5) ದೊಡ್ಡ ಗೇಮ್ ಓಡಿಸುವಾಗ ಸುಮಾರು ಇನ್ನೂರು ವ್ಯಾಟ್ ಎಳೆಯುತ್ತದೆ, ಟಿವಿ ಅದರ ಮೇಲೆ. ಇನ್ವರ್ಟರ್‌ನಲ್ಲಿ ಇದನ್ನು ಹಾಕಿದರೆ ರಾತ್ರಿ ದೀಪಕ್ಕೆ ಬ್ಯಾಟರಿ ಉಳಿಯುವುದಿಲ್ಲ, ಮನೆಯವರು ಬಿಡುವುದೂ ಇಲ್ಲ. ಸ್ವಿಚ್ ಟಿವಿಗೆ ಹಾಕಿದರೂ ಹತ್ತಿಪ್ಪತ್ತು ವ್ಯಾಟ್ ಅಷ್ಟೇ. 2019ರ ನಂತರದ ಮಾದರಿಯಾದರೆ ಕೈಯಲ್ಲಿ ಹಿಡಿದು ಆಡಲು ಅದರ ಬ್ಯಾಟರಿಯೇ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಂಬಿಕೆ ಇಡಬೇಡಿ. ದೊಡ್ಡ ಗೇಮಿಗೆ ಒಂದು ಗಂಟೆ ಬಂದರೆ ಹೆಚ್ಚು.

ದೂರದವರ ಜೊತೆ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಹೆಸರು ಹೇಳದೆ ಈ ಭಾಗ ಮುಂದೆ ಹೋಗುವುದಿಲ್ಲ. ಕುಶಾಲನಗರದ ಕಾಲೇಜು ಹುಡುಗರಿಂದ ತೋಟದ ಲೈನ್ ಮನೆಯ ಹುಡುಗರವರೆಗೆ ಎಲ್ಲರ ಫೋನಿನಲ್ಲೂ ಇದೆ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದಂತೆ. ಒಂದು ಪಂದ್ಯ ಅರ್ಧ ಗಂಟೆ. ಪಾಸ್ ಇಲ್ಲ. ನೀವು ಅರ್ಧಕ್ಕೆ ಎದ್ದರೆ ಉಳಿದ ಮೂವರು ಕೈ ಕಡಿಮೆಯಾಗಿ ಸಾಯುತ್ತಾರೆ. ವ್ಯಾಲರಂಟ್ ಎಂಬ ಇನ್ನೊಂದು ತಂಡದ ಗುಂಡಿನಾಟದಲ್ಲಂತೂ ಬಿಟ್ಟುಹೋದವರಿಗೆ ದಂಡವಿದೆ, ಸ್ವಲ್ಪ ಹೊತ್ತು ಹೊಸ ಪಂದ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಮರ ಬಿದ್ದು ಕರೆಂಟ್ ಹೋಯಿತು ಅಂದರೆ ಗೇಮಿಗೆ ಅರ್ಥವಾಗುತ್ತದೆಯೇ?

ಈ ಗೇಮ್ ಬಂದ ದಾರಿಯನ್ನೂ ನೆನಪಿಟ್ಟುಕೊಳ್ಳಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಆಗಿ ಬಂತು. 2022ರ ಜುಲೈನಲ್ಲಿ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್. ಆನ್‌ಲೈನ್ ಗೇಮಿಗೆ ಹಾಕಿದ ದುಡ್ಡು, ಕೂಡಿಸಿದ ಬಟ್ಟೆಬರೆ, ರ‍್ಯಾಂಕು ಎಲ್ಲ ಬೇರೆಯವರ ಕೈಯಲ್ಲಿ ಇರುತ್ತದೆ.

ನೆಟ್ ಬಗ್ಗೆ ಜನ ತಪ್ಪು ಕಡೆ ಚಿಂತೆ ಮಾಡುತ್ತಾರೆ. ‘ಗೇಮ್ ಆಡಿದರೆ ಡೇಟಾ ಖಾಲಿಯಾಗುತ್ತದೆ’ ಅನ್ನುತ್ತಾರೆ. ಆಡುವಾಗ ಹೋಗುವ ಡೇಟಾ ಕಡಿಮೆಯೇ, ವಿಡಿಯೊ ನೋಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹೋಗುತ್ತದೆ. ತಿನ್ನುವುದು ಅಪ್‌ಡೇಟ್. ಆಟ ಕೆಡಿಸುವುದು ಮಾತ್ರ ಪಿಂಗ್. ನೀವು ಗುಂಡಿ ಒತ್ತಿದ ಸುದ್ದಿ ಮುಂಬೈಯ ಸರ್ವರಿಗೆ ಹೋಗಿ ವಾಪಸ್ ಬರುವ ಹೊತ್ತು ಅದು. ಅದು ಸ್ವಲ್ಪ ಹೆಚ್ಚಿದ್ದರೂ ಒಂದೇ ಸಮ ಇದ್ದರೆ ಕೈ ಹೊಂದಿಕೊಳ್ಳುತ್ತದೆ. ನಮ್ಮ ಗುಡ್ಡದಲ್ಲಿ ಅದು ಒಮ್ಮೆ ನಲವತ್ತು ಮಿಲಿಸೆಕೆಂಡು, ಮರುಕ್ಷಣ ನಾನೂರು. ಎದುರಿಗಿದ್ದವನು ಇದ್ದಕ್ಕಿದ್ದಂತೆ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ರೂಟರಿಗೆ ಸಣ್ಣ ಯುಪಿಎಸ್ ಹಾಕಿಸಿದರೆ ಮನೆಯ ಕರೆಂಟ್ ಹೋದಾಗ ಸ್ವಲ್ಪ ಹೊತ್ತು ನಡೆಯುತ್ತದೆ. ಕೇಬಲ್ಲೇ ಎಲ್ಲೋ ಮರದ ಕೆಳಗೆ ಸಿಕ್ಕಿಕೊಂಡಿದ್ದರೆ ಯುಪಿಎಸ್ ಏನು ಮಾಡುತ್ತದೆ?

ಹಾಗಾಗಿ ಮಳೆಗಾಲದಲ್ಲಿ ಆನ್‌ಲೈನ್ ಬೇಕೇ ಬೇಕು ಅನ್ನುವವರು ಸರದಿಯ ಆಟ ಹಿಡಿಯಿರಿ. ಚೆಸ್‌ನಲ್ಲಿ ಒಂದು ನಡೆಗೆ ಒಂದು ದಿನ ಕೊಡುವ ಬಗೆಯೂ ಇದೆ. ಪಿಂಗ್ ನಾನೂರಾದರೂ ಕುದುರೆ ಎರಡೂವರೆ ಮನೆಯೇ ಹಾರುತ್ತದೆ.

ಇನ್ನು ಅಪರಿಚಿತರು. ಹೆಂಗಸಿನ ದನಿ ಕೇಳಿದ ಕೂಡಲೇ ಮೈಕಿನಲ್ಲಿ ಏನೇನು ಬರುತ್ತದೆ ಅಂತ ಇಲ್ಲಿ ಬರೆಯಲಾರೆ. ನಾನು ಮೈಕ್ ಮುಚ್ಚಿ, ಗೇಮಿನೊಳಗಿನ ಗುರುತುಗಳಲ್ಲೇ ಕೆಲಸ ಮುಗಿಸುತ್ತೇನೆ. ಹೆಣ್ಣುಮಕ್ಕಳಿಗೆ ನನ್ನ ಸಲಹೆ, ಗುರುತಿನವರ ತಂಡವಿದ್ದರೆ ಮಾತ್ರ ದನಿ ಬಿಡಿ. ಅಪರಿಚಿತರ ಜೊತೆ ಆಡಿ ನನಗೆ ನಿಜಕ್ಕೂ ಖುಷಿಯಾದದ್ದು ಜರ್ನಿ ಎಂಬ 2012ರ ಗೇಮಿನಲ್ಲಿ. ಮರಳುಗಾಡು, ದೂರದಲ್ಲಿ ಒಂದು ಬೆಟ್ಟ. ನಡುದಾರಿಯಲ್ಲಿ ಯಾರೋ ಒಬ್ಬರು ಸಿಗುತ್ತಾರೆ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ, ಒಂದು ಸಣ್ಣ ದನಿ ಹೊರಡಿಸಬಹುದು ಅಷ್ಟೇ. ಮುಟ್ಟಿಕೊಂಡು ನಡೆದರೆ ಇಬ್ಬರಿಗೂ ಹಾರುವ ಶಕ್ತಿ ತುಂಬುತ್ತದೆ. ಬೈಯಲು ದಾರಿಯೇ ಇಲ್ಲದ ಕಡೆ ಜನ ಎಷ್ಟು ಒಳ್ಳೆಯವರು! ನೆಟ್ ಕಡಿದುಹೋದರೆ ಜೊತೆಗಾರ ಕಾಣೆಯಾಗುತ್ತಾನೆ, ನಿಮ್ಮ ದಾರಿ ಮಾತ್ರ ಮುಂದುವರಿಯುತ್ತದೆ. ಹೆಚ್ಚಿನ ಆನ್‌ಲೈನ್ ಗೇಮುಗಳಲ್ಲಿ ಈ ಸೌಜನ್ಯ ಇಲ್ಲ.

ಒಂದೇ ಗೇಮ್, ಎರಡು ಸ್ವಭಾವ

ಹೋಲಿಕೆ ಮಾಡಲು ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಮತ್ತೆ ಸ್ಟಾರ್‌ಡ್ಯೂ ವ್ಯಾಲಿಯೇ. 2018ರಲ್ಲಿ ಕಂಪ್ಯೂಟರಿನಲ್ಲಿ ಜೊತೆಗೆ ಆಡುವ ವ್ಯವಸ್ಥೆ ಬಂತು, 2020ರ ಕೊನೆಗೆ ಒಂದೇ ಪರದೆ ಹಂಚಿಕೊಂಡು ಆಡುವುದೂ ಬಂತು. ಬೆಂಗಳೂರಿನಲ್ಲಿರುವ ನನ್ನ ತಂಗಿ, ನಾನು ಸೇರಿ ಒಂದು ಜಮೀನು ಮಾಡಿದೆವು. ಅದೇ ನೆಲ, ಅದೇ ಬೀಜ, ಅದೇ ಸಂಗೀತ. ಆಟ ಮಾತ್ರ ಬೇರೆ.

ಒಬ್ಬಳೇ ಆಡುವಾಗ ಬ್ಯಾಗ್ ತೆರೆದರೆ ಸಮಯ ನಿಲ್ಲುತ್ತದೆ. ಜೊತೆಗೆ ಆಡುವಾಗ ನಿಲ್ಲುವುದಿಲ್ಲ. ನಾನು ಯಾವ ಬೀಜ ಹಾಕಲಿ ಅಂತ ಯೋಚಿಸುತ್ತಿದ್ದರೆ ಅವಳ ಗಡಿಯಾರವೂ ಓಡುತ್ತಿರುತ್ತದೆ. ಇಬ್ಬರೂ ಮಲಗಿದರೆ ಮಾತ್ರ ದಿನ ಮುಗಿಯುತ್ತದೆ. ಅವಳು ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರೆ ನಾನು ಹಾಸಿಗೆಯಲ್ಲಿ ಕಾಯಬೇಕು. ನಾನು ಒಬ್ಬಳೇ ಇದ್ದಾಗ ಸಾಲಿಗೆ ಸಾಲು ಲೆಕ್ಕ ಹಾಕಿ ನೆಡುತ್ತಿದ್ದವಳು. ತಂಗಿ ಎಲ್ಲೆಂದರಲ್ಲಿ ಹೂವು ನೆಟ್ಟಳು, ಕೋಳಿಗಳಿಗೆ ನಮ್ಮ ದೊಡ್ಡಮ್ಮಂದಿರ ಹೆಸರಿಟ್ಟಳು. ಲಾಭ ಅರ್ಧಕ್ಕಿಳಿಯಿತು. ನಗು ಮಾತ್ರ ಹಿಂದೆಂದೂ ಆ ಗೇಮಿನಲ್ಲಿ ಅಷ್ಟು ಬಂದಿರಲಿಲ್ಲ.

ಆದರೆ ಆ ಜಮೀನು ನನ್ನ ಕಂಪ್ಯೂಟರಿನಲ್ಲಿ ಇತ್ತು. ಯಾರು ಆಟ ಶುರು ಮಾಡುತ್ತಾರೋ ಅವರ ಮೇಲೆ ಎಲ್ಲರೂ ನಿಂತಿರುತ್ತಾರೆ. ಇಲ್ಲಿ ಕರೆಂಟ್ ಹೋದರೆ ಬೆಂಗಳೂರಿನಲ್ಲಿ ಅವಳ ಪರದೆಯೂ ಖಾಲಿ. ಮರುಕ್ಷಣ ಫೋನು: ‘ಏನೇ, ಮತ್ತೆ ಹೋಯ್ತಾ?’ ಆಮೇಲೆ ಜಮೀನು ಅವಳ ಕಡೆ ಇಟ್ಟುಕೊಂಡೆವು. ಈಗ ನನ್ನ ಕಡೆ ಕರೆಂಟ್ ಹೋದರೆ ನಾನೊಬ್ಬಳೇ ಹೊರಗೆ ಬೀಳುತ್ತೇನೆ, ಅವಳು ನೀರು ಹಾಕುತ್ತಿರುತ್ತಾಳೆ. ಮಲೆನಾಡಿನವರೂ ಪಟ್ಟಣದವರೂ ಸೇರಿ ಇಂಥ ಗೇಮ್ ಆಡುವುದಾದರೆ, ಆಟ ಶುರು ಮಾಡುವ ಹೋಸ್ಟ್ ಯಾವಾಗಲೂ ಪಟ್ಟಣದವರೇ ಆಗಿರಲಿ. ಮೈನ್‌ಕ್ರಾಫ್ಟ್‌ನಲ್ಲಿ ಒಬ್ಬರ ಲೋಕಕ್ಕೆ ಉಳಿದವರು ಸೇರಿಕೊಂಡು ಆಡುವಾಗಲೂ ಇದೇ ಮಾತು.

ತಂಗಿಯ ಜೊತೆ ಆಡುವಾಗ ನಾವು ಗೇಮಿನ ಬಗ್ಗೆ ಮಾತಾಡುವುದು ಕಡಿಮೆ. ಅಮ್ಮನ ಮೊಣಕಾಲು, ಅವಳ ಆಫೀಸು, ಯಾರ ಮದುವೆ. ಸುಮ್ನೆ ಫೋನ್ ಮಾಡಿದರೆ ಐದು ನಿಮಿಷಕ್ಕೆ ಮುಗಿಯುವ ಮಾತು, ಕೈಗೆ ಏನೋ ಕೆಲಸವಿದ್ದರೆ ಗಂಟೆ ನಡೆಯುತ್ತದೆ.

ಒಬ್ಬರು ಆಡುವುದು, ಉಳಿದವರು ನೋಡುವುದು

ಪೆಟ್ಟಿಗೆಯ ಮೇಲೆ ಈ ಬಗೆ ಬರೆದಿರುವುದಿಲ್ಲ. ನನ್ನ ಮಟ್ಟಿಗೆ ಮಳೆಗಾಲಕ್ಕೆ ಇದೇ ಮೇಲು. ಒಬ್ಬರೇ ಆಡುವ ಗೇಮ್ ಹಾಕಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಪಾಸ್ ಇದೆ, ಸೇವ್ ಇದೆ, ನೆಟ್ ಬೇಡ. ಎರಡನೇ ಕಂಟ್ರೋಲರಿನ ಖರ್ಚಿಲ್ಲ. ಕೈಚಳಕ ಬಾರದವರೂ ಪೂರ್ತಿ ಆಟದಲ್ಲಿ ಇರುತ್ತಾರೆ.

ಎಲ್ಲ ಗೇಮಿಗೂ ಇದು ಒಗ್ಗುವುದಿಲ್ಲ. ಹಾಲೋ ನೈಟ್‌ನಂಥದ್ದನ್ನು ನೋಡುವವರಿಗೆ ಬೇಜಾರು, ಆಡುವವರಿಗೆ ಕಿರಿಕಿರಿ. ತಲೆ ಓಡಿಸುವ ಗೇಮ್ ಬೇಕು. ರಿಟರ್ನ್ ಆಫ್ ದಿ ಓಬ್ರಾ ಡಿನ್ ಅಂಥದ್ದು, ಲೂಕಸ್ ಪೋಪ್ 2018ರಲ್ಲಿ ಹೊರತಂದದ್ದು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಹಡಗು ಜನರೇ ಇಲ್ಲದೆ ದಡ ಸೇರುತ್ತದೆ. ನೀವು ವಿಮೆಯ ಲೆಕ್ಕ ನೋಡಲು ಬಂದವರು. ಕೈಯಲ್ಲಿ ಒಂದು ಗಡಿಯಾರ. ಹೆಣದ ಹತ್ತಿರ ಅದನ್ನು ತೆರೆದರೆ, ಆ ಮನುಷ್ಯ ಸತ್ತ ಕ್ಷಣ ಹೆಪ್ಪುಗಟ್ಟಿದ ಹಾಗೆ ಸುತ್ತಲೂ ಕಾಣುತ್ತದೆ, ಅದಕ್ಕೆ ಮುಂಚಿನ ಮಾತು ಕೇಳುತ್ತದೆ. ಅರವತ್ತು ಜನ. ಯಾರು ಯಾರು, ಹೇಗೆ ಸತ್ತರು, ಬದುಕಿದ್ದರೆ ಎಲ್ಲಿದ್ದಾರೆ, ಇಷ್ಟನ್ನೂ ಪುಸ್ತಕದಲ್ಲಿ ತುಂಬಬೇಕು. ಮೂರು ಜನರದ್ದು ಸರಿಯಾದಾಗ ಮಾತ್ರ ಗೇಮ್ ಹೌದು ಅನ್ನುತ್ತದೆ. ಊಹೆ ಹೊಡೆದು ದಾಟಲು ಆಗದ ಹಾಗೆ ಕಟ್ಟಿದ್ದಾರೆ.

ಇದನ್ನು ಒಬ್ಬಳೇ ಶುರು ಮಾಡಿ, ಅರ್ಧದಿಂದ ಮನೆಯವರ ಜೊತೆ ಕೂತೆ. ನಮ್ಮವರ ಕೈಯಲ್ಲಿ ನೋಟ್ ಪುಸ್ತಕ, ನನ್ನ ಕೈಯಲ್ಲಿ ಕಂಟ್ರೋಲರ್. ನಾನು ಮುಖ ನೋಡುತ್ತಿದ್ದೆ, ಅವರು ತೂಗುಹಾಸಿಗೆಗಳ ನಂಬರ್ ನೋಡುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದ ಅತ್ತೆ ಹಿಂದೆ ಕೂತು ಕಾಳು ಆರಿಸುತ್ತಾ, ‘ಆ ಮನುಷ್ಯ ಆಗಲೂ ಇವನ ಪಕ್ಕದಲ್ಲೇ ನಿಂತಿದ್ದ ನೋಡು’ ಅಂದರು. ಹೌದು, ನಿಂತಿದ್ದ. ಮೂರು ಹೆಸರು ಒಟ್ಟಿಗೆ ಬಿದ್ದವು. ಜೊತೆಗೆ ಆಡುವ ಯಾವ ಗೇಮಿನಲ್ಲೂ ಅತ್ತೆಯನ್ನು ಕೂರಿಸಲು ನನಗೆ ಆಗಿರಲಿಲ್ಲ.

ಭಾಷೆಯ ತೊಡಕು ಇದೆ. ದೊಡ್ಡ ಗೇಮುಗಳಲ್ಲಿ ಪರದೆಯ ಕೆಳಗೆ ಕನ್ನಡದ ಸಾಲುಗಳು ಸಿಗುವುದಿಲ್ಲ ಅಂತಲೇ ಹೇಳಬಹುದು. ಆಡುವವರು ಹೇಳುತ್ತಾ ಹೋಗಬೇಕು. ನನಗೆ ಅದೇ ಒಂದು ಆಟವಾಗಿ ಬಿಟ್ಟಿದೆ. ಮಕ್ಕಳಿದ್ದರೆ ಲಿಂಬೋ ತರಹ ಮಾತಿಲ್ಲದ್ದನ್ನು ಹಾಕಿ, ಸತ್ತಾಗಲೊಮ್ಮೆ ಕಂಟ್ರೋಲರ್ ಬದಲಿಸಿ. ಜೇಡ ಬಂದಾಗ ಯಾರ ಸರದಿ ಅನ್ನುವುದೇ ಜಗಳ.

ಹಾಗಾದರೆ ಏನು ಕೊಳ್ಳುವುದು?

ಮನೆಯಲ್ಲಿ ಒಬ್ಬರೇ ಇದ್ದು, ರಾತ್ರಿ ಒಂದು ಗಂಟೆ ಸಿಗುತ್ತದೆ ಅಂದರೆ ಸ್ಟಾರ್‌ಡ್ಯೂ ವ್ಯಾಲಿ ಸಾಕು, ಹಟವಿದ್ದರೆ ಹಾಲೋ ನೈಟ್. ಹೊಸದಾಗಿ ಮದುವೆಯಾದವರು ಇಟ್ ಟೇಕ್ಸ್ ಟು ತಗೊಳ್ಳಿ, ಓವರ್‌ಕುಕ್ಡ್ ಅನ್ನು ಇನ್ನೆರಡು ವರ್ಷ ಮುಟ್ಟಬೇಡಿ. ಹಬ್ಬಕ್ಕೆ ಮನೆ ತುಂಬುವವರು ಎರಡನೇ ಕಂಟ್ರೋಲರಿಗೆ ಮೊದಲು ದುಡ್ಡು ತೆಗೆದಿಡಿ, ಗೇಮ್ ಆಮೇಲೆ. ಹಾಸ್ಟೆಲಿನಿಂದ ಬರುವ ಹುಡುಗರಿಗೆ ಏನೂ ಕೊಡಿಸಬೇಡಿ. ಅವರ ಫೋನಿನಲ್ಲಿ ಎಲ್ಲ ಇರುತ್ತದೆ, ಟವರ್ ಎಲ್ಲಿ ಸಿಗುತ್ತದೆ ಅಂತ ತೋಟದ ಯಾವ ಬಂಡೆ ಹತ್ತಬೇಕೋ ಅದನ್ನೂ ಅವರೇ ಹುಡುಕಿಕೊಳ್ಳುತ್ತಾರೆ.

ಸ್ಟೀಮ್‌ನಲ್ಲಿ ಕೊಳ್ಳುವುದಾದರೆ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು, ಯಾರ ಜೊತೆ ಆಡಬೇಕು ಅಂದುಕೊಂಡಿದ್ದೀರೋ ಅವರ ಜೊತೆಗೇ ಕಳೆಯಿರಿ. ಮೇ ಮುಗಿಯುವುದರೊಳಗೆ ಡೌನ್‌ಲೋಡ್ ಮುಗಿಸಿ. ಆಮೇಲೆ ಒಮ್ಮೆ ಸ್ಟೀಮ್ ಅನ್ನು ಆಫ್‌ಲೈನ್ ಮಾಡಿ, ರೂಟರ್ ಆರಿಸಿ, ಗೇಮ್ ತೆರೆದುಕೊಳ್ಳುತ್ತದಾ ನೋಡಿ. ತೆರೆಯದಿದ್ದರೆ ವಾಪಸ್ ಕೊಡಲು ಆಗಲೂ ದಿನ ಇರುತ್ತದೆ.